ದೀಪ ಒಂದೇ, ಮಾರುವ ಕಡೆ ಮೂರು: ಸ್ಟಾಕ್ ಲೆಕ್ಕ ಹೊಂದಿಸುವುದು ಹೇಗೆ?

ಪ್ರಶ್ನೆ: ಉಕ್ಕಡಗಾತ್ರಿಯಲ್ಲಿ ನಮ್ಮದು ಪೂಜಾ ಸಾಮಗ್ರಿ ಅಂಗಡಿ, ಹರಿಹರದಲ್ಲಿ ಗೋದಾಮು. ಲೆಕ್ಕವೆಲ್ಲ ಟ್ಯಾಲಿಯಲ್ಲಿ. ಈಗ ಹಿತ್ತಾಳೆ ದೀಪ, ರುದ್ರಾಕ್ಷಿ, ವಿಭೂತಿಯನ್ನು ಎರಡು ಆನ್‌ಲೈನ್ ತಾಣಗಳಲ್ಲೂ ಮಾರುತ್ತಿದ್ದೇವೆ. ಅಮಾವಾಸ್ಯೆಯ ದಿನ ಅಂಗಡಿಯಲ್ಲಿ ಖಾಲಿಯಾದ ದೀಪಕ್ಕೇ ಆನ್‌ಲೈನ್‌ನಲ್ಲೂ ಆರ್ಡರ್ ಬಂದಿರುತ್ತದೆ, ರದ್ದು ಮಾಡಬೇಕಾಗುತ್ತದೆ. ಸ್ಟಾಕ್ ತಾನಾಗಿಯೇ ಹೊಂದುವಂತೆ ಮಾಡಲು ಯಾವ ಸಾಫ್ಟ್‌ವೇರ್ ಕೊಳ್ಳಬೇಕು?
— ಓದುಗರು, ಉಕ್ಕಡಗಾತ್ರಿ

ಉತ್ತರ: ಕೊಳ್ಳುವ ಮಾತು ಆಮೇಲೆ. ನಿಮ್ಮ ದೀಪದ ಲೆಕ್ಕ ಈಗ ನಾಲ್ಕು ಕಡೆ ಇದೆ: ಅಂಗಡಿಯ ಗಲ್ಲಾದಲ್ಲಿ, ಟ್ಯಾಲಿಯಲ್ಲಿ, ಎರಡು ತಾಣಗಳಲ್ಲಿ. ಇವುಗಳಲ್ಲಿ ಯಾವುದರ ಮಾತು ಅಂತಿಮ ಎಂದು ಮೊದಲು ನೀವು ತೀರ್ಮಾನಿಸಬೇಕು. ನನ್ನ ಸಲಹೆ ಟ್ಯಾಲಿ. ಸ್ಟಾಕ್ ಸಂಖ್ಯೆ ಟ್ಯಾಲಿಯಿಂದ ತಾಣಗಳಿಗೆ ಹೋಗಲಿ, ಆರ್ಡರ್ ತಾಣಗಳಿಂದ ಟ್ಯಾಲಿಗೆ ಬರಲಿ. ತಾಣದಲ್ಲಿ ಕಾಣುವ ಸ್ಟಾಕ್ ಸಂಖ್ಯೆ ಎಂದಿಗೂ ಹಿಂದಿರುಗಿ ಟ್ಯಾಲಿಯನ್ನು ತಿದ್ದಬಾರದು.

ಇಷ್ಟಾದರೂ ಅಮಾವಾಸ್ಯೆಯ ತೊಂದರೆ ಉಳಿಯುತ್ತದೆ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಅಂದು ಬರುವ ಜನಸಾಗರದ ನಡುವೆ ಪ್ರತಿ ದೀಪಕ್ಕೂ ಕೂಡಲೇ ಬಿಲ್ ಮಾಡುವುದು ಕಷ್ಟ. ಸಂಜೆ ಒಟ್ಟಿಗೆ ಬಿಲ್ ಹಾಕಿದರೆ, ಅಲ್ಲಿಯವರೆಗೆ ಟ್ಯಾಲಿಗೆ ಏನೂ ಗೊತ್ತಿರುವುದಿಲ್ಲ. ಬಿಲ್ ಆಗದ ಮಾಲಿನ ಸುದ್ದಿಯನ್ನು ಯಾವ ಸಾಫ್ಟ್‌ವೇರೂ ತಾಣಕ್ಕೆ ಮುಟ್ಟಿಸಲಾರದು.

ಇದಕ್ಕೆ ಪರಿಹಾರ ಟ್ಯಾಲಿಯಲ್ಲೇ ಇದೆ. ಗೋಡೌನ್ ಸೌಲಭ್ಯ ಬಳಸಿ ‘ಉಕ್ಕಡಗಾತ್ರಿ ಅಂಗಡಿ’, ‘ಹರಿಹರ ಗೋದಾಮು’ ಎಂದು ಎರಡು ಸ್ಥಳ ಮಾಡಿ. ಅಮಾವಾಸ್ಯೆಯ ಮುನ್ನಾದಿನ ಅಂಗಡಿಗೆ ಬೇಕಾದಷ್ಟು ಮಾಲನ್ನು ಸ್ಟಾಕ್ ಜರ್ನಲ್ ಮೂಲಕ ವರ್ಗಾಯಿಸಿ. ಆನ್‌ಲೈನ್‌ಗೆ ಹರಿಹರದ ಸ್ಟಾಕ್ ಮಾತ್ರ ಕಾಣಲಿ. ಅಂಗಡಿಯ ಮಾರಾಟ ಎಷ್ಟೇ ಜೋರಾದರೂ ಆನ್‌ಲೈನ್ ಆರ್ಡರಿಗೆ ಧಕ್ಕೆಯಿಲ್ಲ. ಮಳೆಗಾಲದಲ್ಲೂ ಇದು ಕೈಹಿಡಿಯುತ್ತದೆ: ತುಂಗಭದ್ರೆ ಉಕ್ಕಿ ಫತ್ತೇಪುರದ ಕಡೆಯ ರಸ್ತೆ ಮುಳುಗಿದಾಗ ಉಕ್ಕಡಗಾತ್ರಿಯಲ್ಲಿರುವ ಮಾಲು ಕೊರಿಯರ್‌ಗೆ ಸಿಗದೆ ಹೋಗಬಹುದು, ಹರಿಹರದ್ದು ಸಿಗುತ್ತದೆ.

ಎರಡನೆಯ ಕೆಲಸ, ಪ್ರತಿ ವಸ್ತುವಿಗೂ ಒಂದೇ ಕೋಡ್. ಟ್ಯಾಲಿಯಲ್ಲಿ ‘ದೀಪ ಸಣ್ಣ’, ಒಂದು ತಾಣದಲ್ಲಿ ‘ಬ್ರಾಸ್ ದಿಯಾ 3 ಇಂಚು’ ಎಂದಿದ್ದರೆ ಯಂತ್ರಕ್ಕೆ ಅವು ಬೇರೆ ಬೇರೆ ವಸ್ತು. ನೀವೇ ಒಂದು ಕೋಡ್ ಕೊಟ್ಟು, ಟ್ಯಾಲಿಯ ಏಲಿಯಾಸ್ ಜಾಗದಲ್ಲೂ ತಾಣಗಳ ಎಸ್‌ಕೆಯು ಜಾಗದಲ್ಲೂ ಅಕ್ಷರ ತಪ್ಪದೆ ಅದನ್ನೇ ಬರೆಯಿರಿ. ಅಮೆಜಾನ್‌ನ ಎಎಸ್‌ಐಎನ್ ಆಗಲಿ ಫ್ಲಿಪ್‌ಕಾರ್ಟ್‌ನ ಎಫ್‌ಎಸ್‌ಎನ್ ಆಗಲಿ ಆಯಾ ಕಂಪನಿ ಕೊಡುವ ಸಂಖ್ಯೆಗಳು, ನಿಮ್ಮ ಕೋಡಿಗೆ ಬದಲಿಯಲ್ಲ.

ಅಳತೆಯಲ್ಲೂ ಎಚ್ಚರ ಬೇಕು. ಟ್ಯಾಲಿಯಲ್ಲಿ ವಿಭೂತಿ ಗಟ್ಟಿ 60 ಇದೆ, ತಾಣದಲ್ಲಿ ಮಾರುವುದು 12ರ ಪೊಟ್ಟಣ ಎನ್ನೋಣ. 60 ಎಂದೇ ಕಳಿಸಿದರೆ ಇರುವ 5 ಪೊಟ್ಟಣಕ್ಕೆ 60 ಆರ್ಡರ್ ಹಿಡಿಯಲು ದಾರಿ ಮಾಡಿಕೊಟ್ಟಂತೆ. ದೀಪ, ವಿಭೂತಿ, ರುದ್ರಾಕ್ಷಿ ಸೇರಿಸಿ ಸೆಟ್ ಮಾರುವುದಾದರೆ ಯಾವುದು ಕಡಿಮೆಯಿದೆಯೋ ಅಷ್ಟೇ ಸೆಟ್. ಒಂದು ಸೆಟ್ ಹೋದರೆ ಮೂರರ ಬಿಡಿ ಲೆಕ್ಕದಲ್ಲೂ ಇಳಿಯಬೇಕು.

ಈಗ ಜೋಡಣೆಯ ಮಾತು. ಟ್ಯಾಲಿ ಪ್ರೈಮನ್ನು ಸರ್ವರ್ ಆಗಿ ಹೊಂದಿಸಿದರೆ ಬೇರೆ ಸಾಫ್ಟ್‌ವೇರ್ ಅದರ ಜೊತೆ ಎಕ್ಸ್‌ಎಂಎಲ್ ರೂಪದಲ್ಲಿ ಮಾಹಿತಿ ವಿನಿಮಯ ಮಾಡಬಲ್ಲದು. ಸಾಮಾನ್ಯವಾಗಿ ಬಳಸುವ ಪೋರ್ಟ್ 9000. ಆದರೆ ಆ ಕಂಪ್ಯೂಟರ್ ಚಾಲೂ ಇದ್ದು, ಟ್ಯಾಲಿಯಲ್ಲಿ ನಿಮ್ಮ ಕಂಪನಿ ತೆರೆದಿರಬೇಕು. ರಾತ್ರಿ ಅಂಗಡಿ ಮುಚ್ಚಿ ಕಂಪ್ಯೂಟರ್ ಆರಿಸಿದರೆ ಹೊಂದಾಣಿಕೆಯೂ ನಿಲ್ಲುತ್ತದೆ, ಆರ್ಡರ್ ಮಾತ್ರ ಬರುತ್ತಲೇ ಇರುತ್ತದೆ. ಹಾಗಾಗಿ ಈ ಕಂಪ್ಯೂಟರ್ ಹರಿಹರದಲ್ಲಿ ಯುಪಿಎಸ್ ಸಮೇತ ಸದಾ ಚಾಲೂ ಇರಲಿ, ಇಲ್ಲವೇ ಟ್ಯಾಲಿಯನ್ನು ಕ್ಲೌಡ್‌ನಲ್ಲಿ ಇಡಿ.

ಟ್ಯಾಲಿಗೂ ತಾಣಗಳಿಗೂ ನಡುವೆ ನಿಲ್ಲುವ ಕನೆಕ್ಟರ್ ಸಾಫ್ಟ್‌ವೇರ್ ಕೊಳ್ಳುವಾಗ ನಾಲ್ಕು ವಿಷಯ ಕೇಳಿ ಖಚಿತಪಡಿಸಿಕೊಳ್ಳಿ.

ಒಂದು, ಮೊದಲು ಆರ್ಡರ್ ಎಳೆದುಕೊಂಡು ಆಮೇಲೆ ಸ್ಟಾಕ್ ಕಳಿಸುತ್ತದೆಯೇ? ಆರ್ಡರ್ ಬಂದಾಗ ತಾಣ ತನ್ನ ಲೆಕ್ಕವನ್ನು ತಾನೇ ಇಳಿಸಿಕೊಂಡಿರುತ್ತದೆ. ಆ ಆರ್ಡರ್ ಇನ್ನೂ ಮುಟ್ಟದ ಟ್ಯಾಲಿಯಿಂದ ಹಳೆಯ ಸಂಖ್ಯೆ ಹೋದರೆ ಮಾರಿದ ದೀಪ ಮತ್ತೆ ಮಾರಾಟಕ್ಕೆ ಬರುತ್ತದೆ.

ಎರಡು, ‘ಒಂದು ಕಳೆ’ ಎನ್ನುತ್ತದೆಯೋ, ‘ಈಗ ಇರುವುದು 8’ ಎನ್ನುತ್ತದೆಯೋ? ಎರಡನೆಯದೇ ಬೇಕು. ನೆಟ್‌ವರ್ಕ್ ಕೈಕೊಟ್ಟು ಒಂದು ಸಂದೇಶ ತಪ್ಪಿಹೋದರೂ ಮುಂದಿನದು ಲೆಕ್ಕ ಸರಿಪಡಿಸುತ್ತದೆ.

ಮೂರು, ಒಂದೇ ಆರ್ಡರ್ ಎರಡು ಸಲ ಬಂದರೆ ಗುರುತಿಸುತ್ತದೆಯೇ? ತಾಣದ ಆರ್ಡರ್ ಸಂಖ್ಯೆ ವೋಚರಿನಲ್ಲಿ ದಾಖಲಾಗಿರಬೇಕು.

ನಾಲ್ಕು, ಕಳಿಸುವುದು ಯಾವ ಸಂಖ್ಯೆ? ಕ್ಲೋಸಿಂಗ್ ಸ್ಟಾಕ್‌ನಿಂದ ಇನ್ನೂ ರವಾನೆಯಾಗದ ಆರ್ಡರುಗಳನ್ನು ಕಳೆದು ಉಳಿದದ್ದು ಮಾತ್ರ ಹೋಗಬೇಕು. ಬರಬೇಕಾದ ಖರೀದಿ ಮಾಲನ್ನು ಅದಕ್ಕೆ ಸೇರಿಸಬೇಡಿ.

ಹದಿನೈದು ನಿಮಿಷಕ್ಕೊಮ್ಮೆ ಹೊಂದಾಣಿಕೆಯಾಗುವ ವ್ಯವಸ್ಥೆಯಲ್ಲಿ, ಆ ಅಂತರದೊಳಗೆ ಕೊನೆಯ ದೀಪ ಎರಡೂ ತಾಣಗಳಲ್ಲಿ ಮಾರಾಟವಾಗಬಹುದು. ಆದ್ದರಿಂದ ಎರಡನ್ನು ಮೀಸಲಿಡಿ: ಹತ್ತು ಇದ್ದರೆ ಎಂಟು ತೋರಿಸಿ, ಎರಡೇ ಉಳಿದಾಗ ಸೊನ್ನೆ. ಬೇಗ ಹೋಗುವ ಮಾಲಿಗೆ ಮೀಸಲು ಹೆಚ್ಚಿಸಿ. ವಾಪಸ್ ಬಂದ ಮಾಲನ್ನು ನೇರ ಹರಿಹರದ ಲೆಕ್ಕಕ್ಕೆ ಸೇರಿಸದೆ ‘ಪರಿಶೀಲನೆ’ ಎಂಬ ಮೂರನೇ ಗೋಡೌನ್‌ಗೆ ಹಾಕಿ. ಸೊಟ್ಟಾದ ದೀಪ ಇನ್ನೊಬ್ಬರ ಮನೆಗೆ ಹೋಗಬಾರದು. ಅಮೆಜಾನ್ ಅಥವಾ ಫ್ಲಿಪ್‌ಕಾರ್ಟ್‌ನ ಗೋದಾಮಿಗೆ ಮುಂಚಿತವಾಗಿ ಮಾಲು ಕಳಿಸುತ್ತಿದ್ದರೆ ಅದಕ್ಕೂ ಪ್ರತ್ಯೇಕ ಗೋಡೌನ್ ಇರಲಿ. ಅದನ್ನು ಬೇರೆ ತಾಣಕ್ಕೆ ತೋರಿಸಬೇಡಿ.

ಇದೆಲ್ಲವನ್ನೂ ಒಮ್ಮೆಲೇ ಮಾಡಹೋಗಬೇಡಿ. ಮೊದಲು ಎರಡೂ ಕಡೆಯ ಮಾಲನ್ನು ಕೈಯಾರೆ ಎಣಿಸಿ ಟ್ಯಾಲಿಯನ್ನು ಸರಿಮಾಡಿ. ತಪ್ಪು ಸಂಖ್ಯೆಯನ್ನೇ ಜೋಡಿಸಿದರೆ ಒಂದು ತಪ್ಪು ಮೂರು ಕಡೆ ಹರಡುತ್ತದೆ. ಆಮೇಲೆ ಐದು ವಸ್ತು ಆರಿಸಿ, ಒಂದು ಅಮಾವಾಸ್ಯೆ ದಾಟುವವರೆಗೆ ನಡೆಸಿ, ಪ್ರತಿದಿನ ಟ್ಯಾಲಿಯ ಸಂಖ್ಯೆಯನ್ನೂ ತಾಣಗಳ ಸಂಖ್ಯೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೀಸಲಿನ ವ್ಯತ್ಯಾಸ ಬಿಟ್ಟು ಉಳಿದದ್ದು ತಾಳೆಯಾದರೆ ಮಿಕ್ಕ ವಸ್ತುಗಳನ್ನೂ ಸೇರಿಸಿ.