ಸಣ್ಣ ಡಬ್ಬಿ, ಗಟ್ಟಿ ಬುತ್ತಿ

ತೂಕ ಇಳಿಸುವ ಸ್ಲೀವ್ ಆಪರೇಷನ್‌ನಲ್ಲಿ ಜಠರದ ಶೇ 75ರಿಂದ 80ರಷ್ಟು ಭಾಗವನ್ನು ತೆಗೆದುಬಿಡುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್ ಆದವರಿಗೆ ಉಳಿಯುವ ಜಠರದ ಚೀಲ ಒಂದು ಕೋಳಿಮೊಟ್ಟೆಯಷ್ಟು ದೊಡ್ಡದು. ಇಷ್ಟು ಜಾಗದಲ್ಲೇ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹೋಗಬೇಕು. ಬಹಳ ಮಂದಿಗೆ 80 ಗ್ರಾಂವರೆಗೆ ಹೇಳುತ್ತಾರೆ. ಕೊಬ್ಬು ಕರಗುವಾಗ ಮಾಂಸಖಂಡ ಕರಗದಿರಲೆಂದು ಈ ಲೆಕ್ಕ. ಮನೆಯಲ್ಲಿ ರಜೆಯಲ್ಲಿ ಇರುವಷ್ಟು ದಿನ ಇದು ಸಲೀಸು. ಕಷ್ಟ ಶುರುವಾಗುವುದು ಮತ್ತೆ ಕೆಲಸಕ್ಕೆ ಪಂಚ್ ಮಾಡಿ ಒಳಗೆ ಹೋದ ದಿನದಿಂದ. ಆಸ್ಪತ್ರೆಯ ಚಾರ್ಟು ಗ್ರಾಂ ಹೇಳುತ್ತದೆ. ಕ್ಯಾಬ್ ಎಷ್ಟಕ್ಕೆ ಬರುತ್ತದೆ, ಸೈರನ್ ಯಾವಾಗ ಕೂಗುತ್ತದೆ ಎಂದು ಹೇಳುವುದಿಲ್ಲ. ಕೆಳಗಿನ ಸೂತ್ರಗಳೆಲ್ಲ ಗಡಿಯಾರ ನೋಡಿ ಬುತ್ತಿ ಕಟ್ಟುವುದಕ್ಕೆ. ಗಟ್ಟಿ ಆಹಾರಕ್ಕೆ ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ, ಅಂದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರದ ನಂತರ, ಇವು ಅನ್ವಯ. ನಿಮ್ಮ ಡಯಟೀಷಿಯನ್ ಬೇರೆ ಹೇಳಿದ್ದರೆ ಅವರದೇ ಅಂತಿಮ ಮಾತು.

1. ಮೂರಂತಸ್ತಿನ ಕ್ಯಾರಿಯರ್ ಅಟ್ಟಕ್ಕೆ ಹಾಕಿ.
ಅನ್ನಕ್ಕೊಂದು, ಸಾರಿಗೊಂದು, ಪಲ್ಯಕ್ಕೊಂದು ಅಂತಸ್ತು ಇದ್ದರೆ ಕೈ ತಾನಾಗಿ ತುಂಬುತ್ತದೆ. ಅರ್ಧ ಕಪ್ ಹಿಡಿಯುವ ಎರಡು ಪುಟ್ಟ ಸ್ಟೀಲ್ ಡಬ್ಬಿ ತನ್ನಿ. ಒಂದು ಮಧ್ಯಾಹ್ನಕ್ಕೆ, ಇನ್ನೊಂದು ನಾಲ್ಕು ಗಂಟೆಗೆ. ಬುತ್ತಿ ಕಟ್ಟುವವರು ಅಮ್ಮನೋ ಹೆಂಡತಿಯೋ ಆಗಿದ್ದರೆ "ಇಷ್ಟೇನಾ? ಇನ್ನೊಂದು ಚಪಾತಿ ಇಡ್ತೀನಿ" ಎಂಬ ಮಾತು ಬಂದೇ ಬರುತ್ತದೆ. ಅವರನ್ನೂ ಒಮ್ಮೆ ಡಯಟೀಷಿಯನ್ ಹತ್ತಿರ ಕರೆದುಕೊಂಡು ಹೋಗಿ. ನೀವು ಹತ್ತು ಸಲ ಹೇಳಿದ್ದಕ್ಕಿಂತ ಅದು ಕೆಲಸ ಮಾಡುತ್ತದೆ.

2. ಲೆಕ್ಕ ಬಾಯಿಪಾಠ ಇರಲಿ.
ಒಂದು ಮೊಟ್ಟೆ ಎಂದರೆ ಸುಮಾರು 6 ಗ್ರಾಂ ಪ್ರೋಟೀನ್. 50 ಗ್ರಾಂ ಪನೀರ್‌ನಲ್ಲಿ 9, ಬೇಯಿಸಿದ 50 ಗ್ರಾಂ ಚಿಕನ್‌ನಲ್ಲಿ 13ರ ಆಸುಪಾಸು, ಅರ್ಧ ಕಪ್ ಬೆಂದ ಹೆಸರುಕಾಳಿನಲ್ಲಿ 7. ಒಣ ಸೋಯಾ ಚಂಕ್ಸ್ 25 ಗ್ರಾಂ ತೆಗೆದುಕೊಂಡರೆ 13. ಮೊಸರನ್ನು ನಾವು ನಂಬಿದಷ್ಟು ಅದು ಕೊಡುವುದಿಲ್ಲ: 100 ಗ್ರಾಂಗೆ ಬರೀ 3. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದರೆ ಅದೇ ತೂಕಕ್ಕೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ತಿಳಿಸಾರಿನಲ್ಲಿ ರುಚಿಯಿದೆ, ಬೇಳೆಯಿಲ್ಲ. ಎರಡು ಡಬ್ಬಿ ಸೇರಿ 25 ಗ್ರಾಂ ಮುಟ್ಟಿದರೆ ಉಳಿದದ್ದನ್ನು ಬೆಳಗ್ಗೆ, ರಾತ್ರಿ ಸರಿದೂಗಿಸಬಹುದು.

3. ತುತ್ತಿನ ಸರದಿ ಬದಲಿಸಿ.
ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಮಾತ್ರ ಅನ್ನ. ಜಾಗ ಉಳಿಯುವುದಿಲ್ಲ, ಅದೇ ಉದ್ದೇಶ.

4. ಮುದ್ದೆಯ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟುಬನ್ನಿ.
ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಮಂಡ್ಯ, ತುಮಕೂರು, ಹಾಸನದ ಕಡೆಯವರಿಗೆ ಇದು ನುಂಗಲಾರದ ಮಾತು. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಚಿಕ್ಕಂದಿನಿಂದ ಕಲಿತ ಬಾಯಿ ಅದು. ಹೊಸ ಜಠರಕ್ಕೆ ಬೇಕಾಗಿರುವುದು ಇದರ ತದ್ವಿರುದ್ಧ: ಪ್ರತಿ ತುತ್ತನ್ನೂ ಇಪ್ಪತ್ತು ಸಲಕ್ಕಿಂತ ಹೆಚ್ಚು ಅಗಿದು ನೀರಾಗಿಸಬೇಕು. ನುಂಗಿದ ಮುದ್ದೆ ಎದೆಯ ನಡುವೆ ಸಿಕ್ಕಿಕೊಂಡಂತಾಗಿ ಬಾಯಲ್ಲಿ ನೀರೂರಿ, ಕೊನೆಗೆ ವಾಂತಿಯಲ್ಲಿ ಮುಗಿಯಬಹುದು. ಬಿರುಸಾದ ಚಪಾತಿ, ಮೆತ್ತನೆಯ ಬ್ರೆಡ್, ಅಂಟಂಟು ಅನ್ನ ಕೂಡ ಹೀಗೇ ಸಿಕ್ಕಿಕೊಳ್ಳುತ್ತವೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ನಿಜ. ಪ್ರೋಟೀನ್ ಮಾತ್ರ 100 ಗ್ರಾಂ ಹಿಟ್ಟಿಗೆ 7 ಗ್ರಾಂ. ಮುದ್ದೆಯ ಜೊತೆಗೆ ಬರುತ್ತಿದ್ದ ಬಸ್ಸಾರಿನ ಕಾಳು, ಉಪ್ಪುಸಾರಿನ ಕಾಳು ಇವೆಯಲ್ಲ, ಅವನ್ನು ಬಸಿದು ಚೆನ್ನಾಗಿ ಮಸೆದು ಡಬ್ಬಿಗೆ ಹಾಕಿ. ಊಟದ ನಿಜವಾದ ಬಲ ಮೊದಲಿನಿಂದಲೂ ಅಲ್ಲೇ ಇತ್ತು.

5. ನುಚ್ಚಿನುಂಡೆ ಕಲಿಯಿರಿ.
ಈ ಆಪರೇಷನ್ ಆದವರಿಗೆಂದೇ ಯಾರೋ ಕಂಡುಹಿಡಿದ ಹಾಗಿದೆ. ಎಣ್ಣೆಯಿಲ್ಲ, ಆವಿಯಲ್ಲಿ ಬೇಯುತ್ತದೆ, ಮೆತ್ತಗಿರುತ್ತದೆ, ಡಬ್ಬಿಯಲ್ಲಿ ಚೆಲ್ಲುವುದಿಲ್ಲ, ತಣ್ಣಗಾದರೂ ತಿನ್ನಬಹುದು. ತೊಗರಿಬೇಳೆ ಎರಡು ಮೂರು ಗಂಟೆ ನೆನೆಸಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಶುಂಠಿ, ಉಪ್ಪು ಸೇರಿಸಿ. ಕಾಯಿತುರಿಯನ್ನೂ ಹಸಿಮೆಣಸನ್ನೂ ಮನೆಯ ಅಳತೆಗಿಂತ ಅರ್ಧಕ್ಕಿಳಿಸಿ. 40 ಗ್ರಾಂ ಬೇಳೆಯ ಉಂಡೆಗಳಲ್ಲಿ ಸುಮಾರು 9 ಗ್ರಾಂ ಪ್ರೋಟೀನ್ ಇರುತ್ತದೆ. ಹಿಟ್ಟಿಗೆ 50 ಗ್ರಾಂ ಪನೀರ್ ಪುಡಿಮಾಡಿ ಕಲಸಿದರೆ 18. ಶುದ್ಧ ಸಂಪ್ರದಾಯದವರು ಮುಖ ಸಿಂಡರಿಸಲಿ, ಪರವಾಗಿಲ್ಲ. ಅದನ್ನು ಎರಡು ಡಬ್ಬಿಗೆ ಹಂಚಿ. ನಂಜಿಕೊಳ್ಳಲು ಗಟ್ಟಿ ಮೊಸರು ಅಥವಾ ಗಟ್ಟಿಯಾದ ಮಜ್ಜಿಗೆಹುಳಿ.

ಬೇಸರವಾದರೆ ಹೆಸರುಬೇಳೆ ದೋಸೆಯಲ್ಲಿ ಪನೀರ್ ಸುತ್ತಿ, ಮೊಟ್ಟೆ ಬುರ್ಜಿ, ಬೇಯಿಸಿದ ಮೊಳಕೆಕಾಳಿನ ಉಸಲಿ ಇವೆ. ಮಾಂಸ ತಿನ್ನುವವರಿಗೆ ಕೈಮಾ ಉಂಡೆ ಸಾರು ಬಲು ಅನುಕೂಲ. ಅರೆದ ಮಾಂಸ, ಮೇಲೆ ತೇವ. ಒಣ ಚಿಕನ್ ತುಂಡು ಬೇಡ, ಅದು ಗಂಟಲಲ್ಲೇ ಕೂರುತ್ತದೆ. ಹಸಿ ಕೋಸಂಬರಿ ಆರಂಭದ ತಿಂಗಳುಗಳಲ್ಲಿ ಹೊಟ್ಟೆ ಉಬ್ಬಿಸಬಹುದು. ಕೇಳಿಕೊಂಡು ಶುರುಮಾಡಿ.

6. ಅರ್ಧ ಗಂಟೆಯನ್ನು ಅಳೆದು ನೋಡಿ.
1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದ ಬಂದ ನಿಯಮ: ಕೆಲಸದ ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು. ಈ ಆಪರೇಷನ್ ಆದವರಿಗೆ ಒಂದು ಪುಟ್ಟ ಊಟಕ್ಕೆ ಹೇಳುವ ಸಮಯವೂ ಇಪ್ಪತ್ತರಿಂದ ಮೂವತ್ತು ನಿಮಿಷ. ಕಾಗದದ ಮೇಲೆ ಎರಡೂ ಹೊಂದುತ್ತವೆ. ಗ್ರೀಸ್ ತೊಳೆದುಕೊಂಡು, ಕ್ಯಾಂಟೀನ್‌ವರೆಗೆ ನಡೆದು, ಜಾಗ ಹಿಡಿದು ಕೂರುವಷ್ಟರಲ್ಲಿ ಉಳಿಯುವುದು ಹದಿನೈದು ನಿಮಿಷ. ಆತುರದಲ್ಲಿ ನುಂಗುವುದಕ್ಕಿಂತ ಅರ್ಧ ಡಬ್ಬಿ ಉಳಿಸಿ ಟೀ ಬ್ರೇಕ್‌ನಲ್ಲಿ ಮುಗಿಸುವುದು ಜಾಣತನ. ಸೂಪರ್‌ವೈಸರ್‌ಗೆ ವಿಷಯ ಹೇಳಿಡಿ. ಇಡೀ ಲೈನ್‌ಗೆ ಹೇಳಬೇಕಾಗಿಲ್ಲ. "ಗ್ಯಾಸ್ಟ್ರಿಕ್ ಇದೆ, ನಿಧಾನ ತಿನ್ಬೇಕು" ಅಂದರೆ ಬೆಂಗಳೂರಿನಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ವೈಟ್‌ಫೀಲ್ಡ್ ಆಫೀಸಿನವರ ಕಾಟ ಬೇರೆ. ಅಲ್ಲಿ ಊಟಕ್ಕೆ ಸಮಯವಿದೆ, ಅದರ ಮೇಲೆ ಮೀಟಿಂಗ್ ಬಂದು ಕೂರುತ್ತದೆ. ಕ್ಯಾಲೆಂಡರ್‌ನಲ್ಲಿ ಒಂದರಿಂದ ಒಂದೂವರೆ ನಿಮ್ಮದೆಂದು ಬ್ಲಾಕ್ ಮಾಡಿ. ಲ್ಯಾಪ್‌ಟಾಪ್ ಮುಂದೆ ತಿಂದರೆ ಅಗಿಯುವುದು ಮರೆತುಹೋಗುತ್ತದೆ.

7. ನೀರು ಬೇರೆ, ಊಟ ಬೇರೆ.
ಊಟದ ಜೊತೆ ನೀರು ಕುಡಿಯಬಾರದು, ಮುಗಿದ ಮೇಲೂ ಅರ್ಧ ಗಂಟೆ ಕಾಯಬೇಕು. ಆದ್ದರಿಂದ ಖಾರ ಜಾಸ್ತಿಯಾದ, ನೀರು ಬೇಡುವ ಅಡುಗೆ ಡಬ್ಬಿಗೆ ಸಲ್ಲದು. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರ್ ದಾಟಬೇಕು. ಎಸಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಫರ್ನೇಸ್ ಪಕ್ಕದವರಿಗೆ ಬೆವರಿನಲ್ಲಿ ಹೋದದ್ದು ಗೊತ್ತಾಗುವುದಿಲ್ಲ. ಬಾಟಲಿ ಕಣ್ಣೆದುರಿಗಿರಲಿ. ಸೋಡಾ, ಕೋಲಾ ಬೇಡವೇ ಬೇಡ.

8. ಏಳಕ್ಕೆ ಕಟ್ಟಿದ್ದು ಒಂದಕ್ಕೆ ಹಳಸಬಾರದು.
ಬೇಯಿಸಿದ ಮೊಟ್ಟೆ, ಚಿಕನ್, ಪನೀರ್ ಫ್ರಿಜ್‌ನ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು; 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತದೆ. ಮಜ್ಜಿಗೆಯ ಪುಟ್ಟ ಬಾಟಲಿಯನ್ನು ಮುಕ್ಕಾಲು ತುಂಬಿ ರಾತ್ರಿಯೇ ಫ್ರೀಜರ್‌ಗೆ ಹಾಕಿ, ಬೆಳಗ್ಗೆ ಇನ್ಸುಲೇಟೆಡ್ ಬ್ಯಾಗಿನಲ್ಲಿ ಡಬ್ಬಿಗೆ ಒತ್ತಿಕೊಂಡಂತೆ ಇಡಿ. ಊಟಕ್ಕೆ ತಂಪು, ಸಂಜೆಗೆ ಮಜ್ಜಿಗೆ. ಆಫೀಸಿಗೆ ಹೋದ ಕೂಡಲೇ ಡಬ್ಬಿ ಫ್ರಿಜ್‌ಗೆ. ಬಿಸಿಯೇ ಬೇಕೆಂದರೆ ಫ್ಲಾಸ್ಕ್ ಡಬ್ಬಿಗೆ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿಯುವ ಸಾರಿನ ಉಂಡೆ ತುಂಬಿ. ಮೈಕ್ರೋವೇವ್ ಇರುವಲ್ಲಿ ಒಂದು ಚಮಚ ಸಾರು ಹಾಕಿ ಬಿಸಿಮಾಡಿ, ಇಲ್ಲದಿದ್ದರೆ ಪ್ರೋಟೀನ್ ರಬ್ಬರ್ ಆಗುತ್ತದೆ.

9. ಡ್ರಾಯರ್‌ನಲ್ಲಿ ಆಪತ್ಕಾಲದ ಡಬ್ಬಿ.
ಸಿಲ್ಕ್ ಬೋರ್ಡ್, ಔಟರ್ ರಿಂಗ್ ರಸ್ತೆಯ ಟ್ರಾಫಿಕ್, ದಿಢೀರ್ ಓಟಿ ಇವನ್ನು ಯಾರೂ ಮೊದಲೇ ಹೇಳಲಾರರು. 2023ರಲ್ಲಿ ಮೆಟ್ರೊದ ನೇರಳೆ ಮಾರ್ಗ ವೈಟ್‌ಫೀಲ್ಡ್ ತಲುಪಿತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಯಿತು. ಆದರೆ ಮೆಟ್ರೊದೊಳಗೆ ತಿನ್ನುವಂತಿಲ್ಲ. ಆದ್ದರಿಂದ ಹೊರಡುವ ಮುಂಚೆಯೇ ಬಾಯಿಗೆ ಹಾಕಿಕೊಳ್ಳಿ: ಹುರಿಗಡಲೆ, ಅಥವಾ ವೈದ್ಯರು ಹೇಳಿದ ಪ್ರೋಟೀನ್ ಪುಡಿಯ ಒಂದು ಪೊಟ್ಟಣ. ಕಡಲೆಬೀಜ ಒಂದು ಸಣ್ಣ ಹಿಡಿ ಸಾಕು, ಅದರಲ್ಲಿ ಕೊಬ್ಬೂ ಬಹಳ. ಅಂಗಡಿಯ ಪ್ರೋಟೀನ್ ಬಾರ್ ಕೊಳ್ಳುವ ಮುನ್ನ ಸಕ್ಕರೆ ಎಷ್ಟೆಂದು ಓದಿ. 2024ರ ಕೊನೆಗೆ ನಂದಿನಿ ತಂದ ವೇ ಪ್ರೋಟೀನ್ ಬೆರೆತ ಇಡ್ಲಿ-ದೋಸೆ ಹಿಟ್ಟು ಸಿಕ್ಕರೆ ಒಳ್ಳೆಯದೇ. ಆದರೂ ಅದು ಇಡ್ಲಿ. ಮೊಟ್ಟೆಯ ಜಾಗ ತುಂಬುವುದಿಲ್ಲ.

10. ಸಿಹಿಯನ್ನು ನಗುತ್ತಲೇ ದಾಟಿಸಿ.
ಬೈಪಾಸ್ ಆದವರಿಗೆ ವಿಶೇಷವಾಗಿ ಡಂಪಿಂಗ್ ಕಾಡುತ್ತದೆ: ಸಕ್ಕರೆ ನೇರ ಕರುಳಿಗೆ ಇಳಿದು, ಹತ್ತರಿಂದ ಮೂವತ್ತು ನಿಮಿಷದೊಳಗೆ ಬೆವರು, ಎದೆಬಡಿತ, ಹೊಟ್ಟೆನೋವು, ಭೇದಿ. ಆಫೀಸಿನ ಬರ್ತ್‌ಡೇ ಕೇಕ್, ಜ್ಯೂಸ್, ಬಾದಾಮಿ ಹಾಲು ಎಲ್ಲವೂ ಈ ಪಟ್ಟಿಯವೇ. ಆಯುಧ ಪೂಜೆಯ ದಿನ ಮೆಷಿನ್‌ಗಳಿಗೆ ಹೂ ಮುಡಿಸಿ ಕೈಗಿಡುವ ಪೊಟ್ಟಣವನ್ನು ಬೇಡವೆನ್ನಬೇಡಿ. ಕಣ್ಣಿಗೊತ್ತಿಕೊಂಡು ಮನೆಗೆ ಒಯ್ಯಿರಿ, ಮಕ್ಕಳಿಗಾದೀತು.

11. ಡಬ್ಬಿ ಮರೆತ ದಿನ.
ಮಿಲಿಟರಿ ಹೋಟೆಲ್‌ನಲ್ಲಿ ಬೇಯಿಸಿದ ಮೊಟ್ಟೆ, ಇಲ್ಲವೇ ಕೈಮಾ. ದರ್ಶಿನಿಯಲ್ಲಿ ಸಾಂಬಾರಿನ ತಳದ ಬೇಳೆ, ಜೊತೆಗೊಂದು ಮೊಸರು. ರೈಸ್‌ಬಾತ್ ಕಡೆ ನೋಡಬೇಡಿ.

12. ಮಾತ್ರೆಗೂ ವೇಳಾಪಟ್ಟಿ.
ವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ ಬೇಕಾಗುತ್ತವೆ. ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ಬೇಡ, ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಕಾಫಿ, ಟೀ ಕುಡಿದರೆ ಮೈಗೆ ಹತ್ತುವುದಿಲ್ಲ. ನೈಟ್ ಶಿಫ್ಟ್‌ನವರು "ಬೆಳಗ್ಗೆ-ರಾತ್ರಿ" ಎಂದು ಬರೆದ ಚೀಟಿಯನ್ನು ತಮ್ಮ ಪಾಳಿಗೆ ತಕ್ಕಂತೆ ವೈದ್ಯರಿಂದಲೇ ತಿದ್ದಿಸಿಕೊಳ್ಳಲಿ.

13. ಒಂದು ದಿನವಿಡೀ ನೀರೂ ನಿಲ್ಲದೆ ವಾಂತಿಯಾದರೆ ಶಿಫ್ಟ್ ಮುಗಿಯಲಿ ಎಂದು ಕಾಯಬೇಡಿ. ಜ್ವರ, ಜೋರು ಹೊಟ್ಟೆನೋವು ಇದ್ದರಂತೂ ಒಂದು ದಿನವೂ ಬೇಡ. ಆಪರೇಷನ್ ಮಾಡಿದ ಆಸ್ಪತ್ರೆಯ ನಂಬರನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಿ. ಯಾವ ಆಪರೇಷನ್, ಯಾವ ತಾರೀಖು ಎಂಬುದನ್ನೂ ಅದರಲ್ಲೇ ಬರೆಯಿರಿ. ಕಂಪನಿಯ ಫಸ್ಟ್ ಏಡ್ ರೂಮಿನಲ್ಲಿರುವವರು ಮೊದಲು ಕೇಳುವುದು ಅದನ್ನೇ.