ಮನೆಯ ಆಯವ್ಯಯ ಮತ್ತು ಸಾಲದ ಕಂತು: ಸದಸ್ಯರ ಅಧ್ಯಯನಕ್ಕಾಗಿ ಒಂದು ಪಾಠ

ಗ್ರಾಮ ಪಂಚಾಯಿತಿ ಸದಸ್ಯರಿಗೆ ಆಯವ್ಯಯವೆಂಬುದು ಹೊಸ ವಿಷಯವಲ್ಲ. ಆರ್ಥಿಕ ವರ್ಷ ಆರಂಭವಾಗುವ ಮೊದಲೇ ಅಂದಾಜು ಪಟ್ಟಿ ಸಭೆಯ ಮುಂದೆ ಬರುತ್ತದೆ; ಜಮಾ, ಖರ್ಚು, ಶಿಲ್ಕುಗಳ ಕುರಿತು ಚರ್ಚೆ ನಡೆಯುತ್ತದೆ; ವರ್ಷ ಮುಗಿದ ಮೇಲೆ ಜಮಾಬಂದಿಯಲ್ಲಿ ಗ್ರಾಮಸ್ಥರು ಲೆಕ್ಕ ಕೇಳುತ್ತಾರೆ. ಆದರೆ ಆ ಅಂದಾಜಿಗೆ ಕೈಯೆತ್ತಿ ಒಪ್ಪಿಗೆ ಕೊಟ್ಟ ಸದಸ್ಯರ ಮನೆಯಲ್ಲಾಗಲಿ, ಅವರನ್ನು ಆರಿಸಿ ಕಳುಹಿಸಿದ ಮತದಾರರ ಮನೆಯಲ್ಲಾಗಲಿ, ತಿಂಗಳ ಖರ್ಚು ಎಷ್ಟು ಎಂಬ ಪ್ರಶ್ನೆಗೆ ಬರೆದಿಟ್ಟ ಉತ್ತರ ಸಿಗುವುದು ಅಪರೂಪ.

ಈ ಕೊರತೆಯ ಪರಿಣಾಮ ಇತ್ತೀಚಿನ ವರ್ಷಗಳಲ್ಲಿ ಎದ್ದು ಕಂಡಿದೆ. ಕಿರುಸಾಲದ ಕಂತು ಕಟ್ಟಲಾಗದೆ ಊರು ಬಿಟ್ಟ ಕುಟುಂಬಗಳ ಸುದ್ದಿ ಹಲವು ಜಿಲ್ಲೆಗಳಿಂದ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಬಿದ್ದಿತು. ಬಾಗಿಲಿಗೆ ಬಂದು ಬೆದರಿಸುವುದನ್ನು ಕಾನೂನು ತಡೆಯಬಲ್ಲದು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಯಿಂದ ಪಡೆದ ಸಾಲ ಅದರಿಂದ ಮನ್ನಾ ಆಗುವುದಿಲ್ಲ, ಕಂತನ್ನು ಕಟ್ಟಲೇಬೇಕು. ಕಂತಿಗೆ ಒಪ್ಪಿ ಸಹಿ ಹಾಕುವ ಮೊದಲು ಮನೆಯಲ್ಲಿ ಕುಳಿತು ಮಾಡಬೇಕಾದ ಲೆಕ್ಕವೇ ಈ ಪಾಠದ ವಿಷಯ.

ಸಂಬಳದಾರರ ಲೆಕ್ಕ ಸುಲಭ. ಒಂದನೆಯ ತಾರೀಖು ಇಂತಿಷ್ಟು ಬರುತ್ತದೆ, ಅದರೊಳಗೆ ತಿಂಗಳು ಸಾಗಬೇಕು. ರೈತ ಹಾಗೂ ಕೂಲಿ ಕುಟುಂಬಗಳಿಗೆ ಈ ಮಾದರಿ ಹೊಂದುವುದಿಲ್ಲ. ಸುಗ್ಗಿಯಲ್ಲಿ ಬಂದ ಹಣ ಮುಂಗಾರಿನವರೆಗೆ ಉಳಿಯಬೇಕು. ಬಿತ್ತನೆಯ ತಿಂಗಳಲ್ಲಿ ಕೂಲಿಗೆ ಹೋಗುವಂತಿಲ್ಲ. ಹಸು ಕರು ಹಾಕುವ ಮೊದಲಿನ ಎರಡು ತಿಂಗಳು ಹಾಲಿನ ಬಟವಾಡೆ ಇಲ್ಲ. ಆದುದರಿಂದ ಹಳ್ಳಿಯ ಮನೆಯ ಆಯವ್ಯಯವನ್ನು ಮೊದಲು ವರ್ಷಕ್ಕೆ ಹಾಕಿ, ಅನಂತರ ತಿಂಗಳಿಗೆ ಇಳಿಸಬೇಕು. ಕೇವಲ ಒಂದು ತಿಂಗಳ ಲೆಕ್ಕ ಬರೆದು ನೋಡಿದರೆ ಸುಗ್ಗಿಯಲ್ಲಿ ಎಲ್ಲರೂ ಶ್ರೀಮಂತರೇ.

ಉದಾಹರಣೆಗಾಗಿ, ಎರಡು ಎಕರೆ ಖುಷ್ಕಿ ಜಮೀನು ಹಾಗೂ ಒಂದು ಹಸು ಇರುವ ಕುಟುಂಬವೊಂದನ್ನು ಊಹಿಸಿಕೊಳ್ಳಬಹುದು. ಮನೆಬಳಕೆಯ ರಾಗಿ ಬಿಟ್ಟು ಮಾರಿದ ಬೆಳೆಯಿಂದ ಜನವರಿಯಲ್ಲಿ 42,000 ರೂಪಾಯಿ. ಹಿಂಡಿ, ಬೂಸಾ ಕಳೆದು ಹಾಲಿನಿಂದ ವರ್ಷಕ್ಕೆ 36,000. ಎಂಟು ತಿಂಗಳ ಕೂಲಿ 60,000. ಗೃಹಲಕ್ಷ್ಮಿಯಿಂದ ತಿಂಗಳಿಗೆ 2,000ದಂತೆ 24,000. ಒಟ್ಟು 1,62,000, ಅಂದರೆ ತಿಂಗಳಿಗೆ 13,500. ಇನ್ನು ಖರ್ಚು. ದಿನಸಿ, ತರಕಾರಿ 4,000. ಅಡುಗೆ ಅನಿಲ 600. ಮೊಬೈಲ್ ಮತ್ತು ಟಿ.ವಿ. 700, ಬಸ್ಸು, ಪೆಟ್ರೋಲು, ಚಹಾ ಮುಂತಾದ ಕೈಖರ್ಚು 1,200, ಔಷಧ 600, ಮಕ್ಕಳಿಗೆ 500. ತಿಂಗಳಿಗೆ 7,600.

ಇಷ್ಟನ್ನೇ ನೋಡಿದ ಮನೆಯವರು ಸುಮಾರು ಆರು ಸಾವಿರ ಉಳಿಯುತ್ತದೆಂದು ಭಾವಿಸುತ್ತಾರೆ. ತಪ್ಪು ನಡೆಯುವುದು ಇಲ್ಲಿಯೇ. ವರ್ಷಕ್ಕೊಮ್ಮೆ ಬರುವ ಖರ್ಚುಗಳು ಆ ಪಟ್ಟಿಯಲ್ಲಿ ಇಲ್ಲ. ಬೀಜ, ಗೊಬ್ಬರ, ಉಳುಮೆಗೆ 15,000. ಜೂನ್ ತಿಂಗಳಲ್ಲಿ ಶಾಲೆಯ ಶುಲ್ಕ, ಪುಸ್ತಕ, ಸಮವಸ್ತ್ರಕ್ಕೆ 8,000. ಯುಗಾದಿ, ಗೌರಿ-ಗಣೇಶ, ದೀಪಾವಳಿ ಮತ್ತು ಊರ ಜಾತ್ರೆಗೆ 14,000. ನೆಂಟರ ಮದುವೆ, ಮುಯ್ಯಿಗೆ 6,000. ಮನೆಯ ದುರಸ್ತಿ ಹಾಗೂ ಆಸ್ಪತ್ರೆಗೆ 5,000. ಒಟ್ಟು 48,000, ತಿಂಗಳಿಗೆ 4,000. ಜಾತ್ರೆ ಪ್ರತಿವರ್ಷವೂ ಬರುತ್ತದೆ, ಆದರೂ ಪ್ರತಿವರ್ಷವೂ ಅದು ಅನಿರೀಕ್ಷಿತ ಖರ್ಚಾಗಿಯೇ ಉಳಿದಿದೆ. ಇದನ್ನು ಸೇರಿಸಿದರೆ ತಿಂಗಳ ಅಗತ್ಯ 11,600. ನಿಜವಾಗಿ ಉಳಿಯುವುದು 1,900 ರೂಪಾಯಿ ಮಾತ್ರ.

ಈ 1,900 ಎಂಬ ಅಂಕಿಯನ್ನು ಸದಸ್ಯರು ಗಮನದಲ್ಲಿಡಬೇಕು. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ, ವಾರ್ಷಿಕ 3 ಲಕ್ಷ ರೂಪಾಯಿಯವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಅಂತಹ ಕುಟುಂಬದ ಎಲ್ಲ ಸಾಲಗಳ ಮಾಸಿಕ ಮರುಪಾವತಿಯೂ ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ಮೇಲಿನ ಕುಟುಂಬಕ್ಕೆ ಆ ಅರ್ಧ 6,750 ರೂಪಾಯಿ. ಅಂದರೆ ತಿಂಗಳಿಗೆ 2,400ರಂತೆ ಎರಡು ಸಾಲಗಳ ಕಂತು, ಒಟ್ಟು 4,800, ನಿಯಮದ ಮಿತಿಯೊಳಗೇ ಇದೆ. ಮನೆಯ ಲೆಕ್ಕದಲ್ಲಿ ಮಾತ್ರ ಅದು ತಿಂಗಳಿಗೆ 2,900ರ, ವರ್ಷಕ್ಕೆ 34,800ರ ಕೊರತೆ. ಆ ಕೊರತೆಯನ್ನು ತುಂಬಲು ಮೂರನೆಯ ಸಾಲ ಬರುತ್ತದೆ. ಮಿತಿಯೆಂಬುದು ಸಾಲ ಕೊಡುವವರಿಗೆ ಹಾಕಿದ ಬೇಲಿ. ಕುಟುಂಬಕ್ಕೆ ಎಷ್ಟು ತಾಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಸಾಲ ಮನೆಯೊಳಗೆ ಕಾಲಿಡುವ ತಿಂಗಳನ್ನೂ ಈ ಲೆಕ್ಕ ತೋರಿಸುತ್ತದೆ. ಜೂನ್‌ನಲ್ಲಿ ಕೂಲಿ ಇಲ್ಲ. ಹಾಲು, ಗೃಹಲಕ್ಷ್ಮಿ ಸೇರಿ ಬರುವುದು 5,600. ಖರ್ಚು ಮಾತ್ರ ಬಿತ್ತನೆ, ಶಾಲೆ ಸೇರಿ 30,600. ಈ 25,000ದ ಅಂತರಕ್ಕೆ ಜನವರಿಯಲ್ಲಿಯೇ ಉತ್ತರ ಸಿದ್ಧವಾಗಿರಬೇಕು. ಬೆಳೆ ಮಾರಿದ ವಾರದಲ್ಲಿಯೇ 25,000 ರೂಪಾಯಿಯನ್ನು ಮನೆಯೊಡತಿಯ ಖಾತೆಯಲ್ಲಿ ಬೇರೆಯಾಗಿಯೋ, ಅಲ್ಪಾವಧಿ ಠೇವಣಿಯಾಗಿಯೋ ಇಟ್ಟರೆ ಜೂನ್ ದಾಟುತ್ತದೆ. ಕೈಯಲ್ಲಿಯೇ ಇಟ್ಟುಕೊಂಡ ಹಣ ಯುಗಾದಿಯನ್ನು ದಾಟುವುದು ಕಷ್ಟ.

ಪುಸ್ತಕ ಬರೆಯುವ ಕ್ರಮಕ್ಕೆ ಹೆಚ್ಚಿನ ವಿವರಣೆ ಬೇಡ. ಪಂಚಾಯಿತಿಯ ನಗದು ಪುಸ್ತಕದಂತೆಯೇ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ತಿಂಗಳ ಕೊನೆಯಲ್ಲಿ ಶಿಲ್ಕು. ಹಸುವಿನ ಮತ್ತು ಹೊಲದ ಖರ್ಚನ್ನು ಮನೆಯ ಖರ್ಚಿನೊಡನೆ ಬೆರೆಸದೆ ಬೇರೆ ಪುಟದಲ್ಲಿ ಬರೆದರೆ, ಹಸು ಮನೆಯನ್ನು ಸಾಕುತ್ತಿದೆಯೋ ಮನೆ ಹಸುವನ್ನು ಸಾಕುತ್ತಿದೆಯೋ ತಿಳಿಯುತ್ತದೆ. ಅಂಗಡಿಯ ಉದ್ರಿಯನ್ನು ಹಣ ಕೊಟ್ಟ ದಿನವಲ್ಲ, ಸಾಮಾನು ತಂದ ದಿನವೇ ಬರೆಯಬೇಕು. ಮೊಬೈಲ್ ಮೂಲಕ ಕೊಟ್ಟ ಹಣಕ್ಕೆ ಬ್ಯಾಂಕಿನಲ್ಲಿ ದಾಖಲೆ ಇರುವುದಾದರೂ ಅದನ್ನೂ ಪುಸ್ತಕಕ್ಕೆ ಇಳಿಸಬೇಕು. ಲೆಕ್ಕ ಸಿಗದ ಹಣಕ್ಕೆ ‘ನೆನಪಿಲ್ಲ’ ಎಂಬ ಒಂದು ಸಾಲು ಇರಲಿ. ಹೆಚ್ಚಿನ ಮನೆಗಳಲ್ಲಿ ಗುಟ್ಕಾ, ಮದ್ಯ, ಲಾಟರಿಯಂತಹ ಆಟಗಳ ಖರ್ಚು ಅಡಗುವುದು ಆ ಸಾಲಿನಲ್ಲಿಯೇ. ಅದರ ಮೊತ್ತ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಮನೆಯವರಿಗೆ ಬೇರೆ ಸಾಕ್ಷಿ ಬೇಕಾಗದು.

ಅಂದಾಜಿಗೆ ಅಂಟಿಕೊಳ್ಳುವುದು ಬರೆಯುವುದಕ್ಕಿಂತ ಕಷ್ಟದ ಕೆಲಸ. ಮೊದಲ ಮೂರು ತಿಂಗಳು ಯಾವ ಖರ್ಚನ್ನೂ ಕಡಿತಗೊಳಿಸದೆ ಬರೆದಿಡುವುದಷ್ಟೇ ಸಾಕು. ಅಂದಾಜನ್ನು ಗಂಡನೊಬ್ಬನೇ ಹಾಕಿ ಹೆಂಡತಿಗೆ ತಿಳಿಸುವ ಮನೆಯಲ್ಲಿಯೂ, ಹೆಂಡತಿ ಉಳಿಸಿದ್ದನ್ನು ಗಂಡನಿಂದ ಬಚ್ಚಿಡಬೇಕಾದ ಮನೆಯಲ್ಲಿಯೂ ಲೆಕ್ಕ ನಿಲ್ಲುವುದಿಲ್ಲ. ಸಾಸಿವೆ ಡಬ್ಬಿಯ ಹಣವನ್ನು ಕೆಣಕದೆ ತುರ್ತು ನಿಧಿಯೆಂದು ಇಬ್ಬರೂ ಒಪ್ಪಿಕೊಳ್ಳುವುದು ಒಳ್ಳೆಯದು. ಗೃಹಲಕ್ಷ್ಮಿಯ ಹಣ ಪ್ರತಿ ತಿಂಗಳೂ ಒಂದೇ ದಿನಾಂಕಕ್ಕೆ ಜಮೆಯಾಗುವುದೆಂದು ಎಣಿಸಿ ಅದರ ಮೇಲೆ ಕಂತನ್ನು ನಿಲ್ಲಿಸಬಾರದು.

ಸದಸ್ಯರು ಯಾರ ಮನೆಯ ಪುಸ್ತಕವನ್ನೂ ತೆರೆಸಿ ನೋಡತಕ್ಕದ್ದಲ್ಲ. ಯಾರಿಗೆಷ್ಟು ಸಾಲ ಎಂಬ ಮಾತು ಅರಳಿಕಟ್ಟೆಗೆ ಬಂದರೆ ಮರುದಿನದಿಂದ ಊರಿನಲ್ಲಿ ಯಾರೂ ಬರೆಯುವುದಿಲ್ಲ. ಮೇಲಿನ ಉದಾಹರಣೆಯನ್ನು ವಾರ್ಡಿನ ಸ್ವಸಹಾಯ ಸಂಘದ ಸಭೆಯಲ್ಲಿ ಕಪ್ಪುಹಲಗೆಯ ಮೇಲೆ ಬಿಡಿಸಿ, ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ತಮ್ಮ ಮನೆಯಲ್ಲಿಯೇ ತುಂಬಿಕೊಳ್ಳುವಂತೆ ತಿಳಿಸಬಹುದು. ಸಂಘದ ಲೆಕ್ಕ ಬರೆಯುವ ಮಹಿಳೆಯರಿಗೆ ಈ ಕೆಲಸ ಪರಿಚಿತ. ಓದು ಬಾರದ ಹಿರಿಯರಿಗೆ ಮನೆಯ ಹೈಸ್ಕೂಲು ಮಕ್ಕಳು ಬರೆದುಕೊಡಬಲ್ಲರು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಇದಕ್ಕೆ ಜಾಗ ಕೊಡಬಹುದು.

ಈಗಾಗಲೇ ಕೊರತೆಯಲ್ಲಿರುವ ಕುಟುಂಬ ಬಂದು ಕೇಳಿದರೆ, ಮೊದಲು ಎಲ್ಲ ಸಾಲಗಳನ್ನೂ ಒಂದೇ ಹಾಳೆಯಲ್ಲಿ ಬರೆಸಬೇಕು: ಯಾರಿಂದ, ಬಾಕಿ ಎಷ್ಟು, ಕಂತು ಎಷ್ಟು, ಬಡ್ಡಿ ಎಷ್ಟು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ವರ್ಷಕ್ಕೆ ಶೇಕಡ 36 ಎಂಬುದನ್ನು ಬಿಡಿಸಿ ಹೇಳಬೇಕು. ನಿಯಮದಂತೆ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡು ಕೊಡಬೇಕಾದುದರಿಂದ, ಕಾರ್ಡು ಇಲ್ಲದಿದ್ದರೆ ಅದನ್ನು ಕೇಳಿ ಪಡೆಯುವಂತೆ ತಿಳಿಸಬೇಕು. ಕಿರುಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ವಿಧಿಸುವಂತಿಲ್ಲ. ಆದ್ದರಿಂದ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಾಲ ದೊರೆಯುವುದಾದರೆ, ಹೆಚ್ಚು ಬಡ್ಡಿಯದನ್ನು ಮೊದಲು ಮುಗಿಸಬಹುದು. ಹಾಗೆ ಬದಲಾಯಿಸಿದ ಮೇಲೆ ಬರುವ ಹೊಸ ಕಂತನ್ನು ವರ್ಷದ ಲೆಕ್ಕದಲ್ಲಿ ಉಳಿದ ಅಂಕಿಯ ಪಕ್ಕದಲ್ಲಿಟ್ಟು ನೋಡಿ, ಅದು ಹೆಚ್ಚಿದ್ದರೆ ಅವಧಿಯನ್ನು ವಿಸ್ತರಿಸುವಂತೆ ಸಂಘದ ಮುಂದೆ ಅರ್ಜಿಯಿಡಲು ಆ ಕುಟುಂಬಕ್ಕೆ ನೆರವಾಗಬೇಕು.