ಎಷ್ಟು ಲೀಟರ್ ಆಕ್ಸಿಜನ್?

ಕೋವಿಡ್ ಎರಡನೇ ಅಲೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ಹೈಸ್ಕೂಲಲ್ಲಿ ಇದ್ವಿ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಾಗಿ, ಒಂದೇ ದಿನದೊಳಗೆ 24 ರೋಗಿಗಳು ತೀರಿಕೊಂಡ ಸುದ್ದಿ ಯಾರೂ ಮರೆತಿಲ್ಲ. ಆಮೇಲೆ ಎಲ್ಲರ ತಲೆಯಲ್ಲಿ ಕೂತಿರೋದು ಒಂದೇ: ಆಕ್ಸಿಜನ್ ಇದ್ರೆ ಜೀವ ಉಳಿಯುತ್ತೆ, ಜಾಸ್ತಿ ಕೊಟ್ರೆ ಇನ್ನೂ ಒಳ್ಳೇದು. ಮೊದಲನೇದು ನಿಜ, ಎರಡನೇದು ಅಲ್ಲ. ಆಕ್ಸಿಜನ್ ಕೂಡ ಒಂದು ಔಷಧಿ. ಅದಕ್ಕೂ ಡೋಸ್ ಇದೆ, ಆ ಡೋಸ್ ಹಿಂದೆ ನಾವು ಕ್ಲಾಸಲ್ಲಿ ಓದೋ ಲೆಕ್ಕಗಳೇ ಇವೆ.

ಮೊದಲು ಲೀಟರ್ ಬೇರೆ, ಪರ್ಸೆಂಟ್ ಬೇರೆ ಅಂತ ಗೊತ್ತಿರಬೇಕು. ನಾವು ಉಸಿರು ಎಳೆದುಕೊಳ್ಳೋ ವೇಗ ನಿಮಿಷಕ್ಕೆ ಸುಮಾರು 30 ಲೀಟರ್ ಮುಟ್ಟುತ್ತೆ. ಏದುಸಿರು ಬಿಡ್ತಿರೋ ರೋಗಿಗೆ ಅದು 60 ದಾಟಬಹುದು. ಮೂಗಿನ ಟ್ಯೂಬ್‌ನಲ್ಲಿ (ನೇಸಲ್ ಕ್ಯಾನುಲಾ) ನಾವು ಕೊಡೋದು 1ರಿಂದ 6 ಲೀಟರ್. ಉಳಿದಿದ್ದೆಲ್ಲ 21% ಆಕ್ಸಿಜನ್ ಇರೋ ರೂಮಿನ ಗಾಳಿ. ಹಾಗಾಗಿ ಅದೇ 4 ಲೀಟರ್ ನಿಧಾನವಾಗಿ ಉಸಿರಾಡೋರಿಗೆ ಹೆಚ್ಚು ಪರ್ಸೆಂಟ್ ಕೊಡುತ್ತೆ, ಏದುಸಿರಿನವರಿಗೆ ಕಡಿಮೆ ಕೊಡುತ್ತೆ. ಸಾಧಾರಣ ಮಾಸ್ಕ್‌ಗೆ ಕನಿಷ್ಠ 5 ಲೀಟರ್ ಬೇಕು, ಇಲ್ಲಾಂದ್ರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳೋ ಹಾಗಾಗುತ್ತೆ. ಚೀಲ ಇರೋ ನಾನ್-ರೀಬ್ರೀದರ್ ಮಾಸ್ಕ್‌ಗೆ 10ರಿಂದ 15 ಲೀಟರ್. ರೋಗಿ ಉಸಿರೆಳೆದಾಗ ಆ ಚೀಲ ಪೂರ್ತಿ ಚಪ್ಪಟೆಯಾದ್ರೆ ಫ್ಲೋ ಸಾಲ್ತಿಲ್ಲ ಅಂತ ಅರ್ಥ.

ನನಗೆ ತುಂಬಾ ಇಷ್ಟವಾಗಿದ್ದು ವೆಂಚುರಿ ಮಾಸ್ಕ್. ಹೌದು, ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನ ಅದೇ ವೆಂಚುರಿ ಹೆಸರು! ಸಣ್ಣ ತೂತಿನಿಂದ ಜೋರಾಗಿ ನುಗ್ಗುವ ಆಕ್ಸಿಜನ್, ಪಕ್ಕದ ಕಿಂಡಿಗಳಿಂದ ಹೊರಗಿನ ಗಾಳಿಯನ್ನು ಅಳತೆ ಪ್ರಕಾರ ಎಳೆದುಕೊಳ್ಳುತ್ತೆ. 28% ಬೇಕು, 4 ಲೀಟರ್ ಬಿಡ್ತಿದ್ದೀವಿ ಅಂದುಕೊಳ್ಳಿ. 4 × 0.79 ÷ 0.07, ಅಂದ್ರೆ ಒಟ್ಟು ಸುಮಾರು 45 ಲೀಟರ್ ಮಿಶ್ರಣ ಮುಖಕ್ಕೆ ಬರುತ್ತೆ. ರೋಗಿ ಎಳೆಯೋದಕ್ಕಿಂತ ಬರೋದೇ ಜಾಸ್ತಿ ಇದ್ರೆ ಪರ್ಸೆಂಟ್ ಏರುಪೇರಾಗಲ್ಲ.

ಇಷ್ಟು ನಿಖರವಾಗಿ ಯಾಕೆ ಕೊಡಬೇಕು? ಊದುಗೊಳವೆ ಹಿಡಿದು ನಲವತ್ತು ವರ್ಷ ಸೌದೆ ಒಲೆ ಊದಿದ ಅಜ್ಜಿಯರು, ಬೀಡಿ ಬಿಡದ ತಾತಂದಿರು ನಮ್ಮ ಹಳ್ಳಿಗಳಲ್ಲಿ ಎಷ್ಟೊಂದು ಜನ ಇದ್ದಾರೆ. ಇಂಥವರಿಗೆ ಬರೋ ಸಿಒಪಿಡಿ ಕಾಯಿಲೆಯಲ್ಲಿ ಶ್ವಾಸಕೋಶದ ಕೆಲವು ಭಾಗಕ್ಕೆ ಗಾಳಿಯೇ ಸರಿಯಾಗಿ ಹೋಗಲ್ಲ. ದೇಹ ಬುದ್ಧಿವಂತಿಕೆಯಿಂದ ಅಲ್ಲಿಗೆ ಹೋಗೋ ರಕ್ತವನ್ನು ಕಡಿಮೆ ಮಾಡಿಕೊಂಡಿರುತ್ತೆ. ನಾವು ಸಿಕ್ಕಾಪಟ್ಟೆ ಆಕ್ಸಿಜನ್ ಬಿಟ್ಟಾಗ ಆ ರಕ್ತನಾಳಗಳು ಮತ್ತೆ ತೆರೆದುಕೊಳ್ತವೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕೋಕೆ ಆಗದ ಜಾಗಕ್ಕೆ ರಕ್ತ ಹರಿಯುತ್ತೆ. ಅದರ ಜೊತೆಗೆ ಆಕ್ಸಿಜನ್ ತುಂಬಿಕೊಂಡ ಹಿಮೋಗ್ಲೋಬಿನ್ ಕಾರ್ಬನ್ ಡೈಆಕ್ಸೈಡನ್ನು ಸರಿಯಾಗಿ ಹಿಡಿದುಕೊಳ್ಳಲ್ಲ. ಹೀಗೆ ಅದು ರಕ್ತದಲ್ಲಿ ಏರುತ್ತಾ ಹೋಗುತ್ತೆ, ರೋಗಿಗೆ ಮಂಪರು ಬರುತ್ತೆ. ಬೆರಳಿಗೆ ಹಾಕಿದ ಆಕ್ಸಿಮೀಟರ್ 99 ತೋರಿಸ್ತಿರುತ್ತೆ, ಪಕ್ಕದಲ್ಲಿ ಕೂತ ಮನೆಯವರು "ಪಾಪ, ಈಗ ಆರಾಮಾಗಿ ನಿದ್ದೆ ಮಾಡ್ತಿದ್ದಾರೆ" ಅಂದುಕೊಳ್ತಾರೆ. ಆಕ್ಸಿಮೀಟರ್‌ಗೆ ಕಾರ್ಬನ್ ಡೈಆಕ್ಸೈಡ್ ಕಾಣೋದೇ ಇಲ್ಲ!

ಅದಕ್ಕೇ ಡಾಕ್ಟರುಗಳು ಇಂಥ ರೋಗಿಗಳಿಗೆ 88ರಿಂದ 92ರ ಗುರಿ ಇಟ್ಟುಕೊಳ್ತಾರೆ. ಉಳಿದ ಹೆಚ್ಚಿನವರಿಗೆ 94ರಿಂದ 98. ಹಾಗಂತ ಯಾರೂ ಹೆದರಿ ಆಕ್ಸಿಜನ್ ಕಿತ್ತು ಹಾಕಬಾರದು. ಆಕ್ಸಿಜನ್ ಕಡಿಮೆಯಾದ್ರೆ ಇನ್ನೂ ಬೇಗ ಜೀವಕ್ಕೆ ಅಪಾಯ. ನರ್ಸ್ ಹತ್ರ ಹೋಗಿ "ಸಿಸ್ಟರ್, ಇವರಿಗೆ ಗುರಿ ಎಷ್ಟು?" ಅಂತ ಕೇಳಬಹುದು, "ತುಂಬಾ ಮಂಪರಲ್ಲಿದ್ದಾರೆ" ಅಂತ ಹೇಳಬಹುದು. ಅದು ಅಧಿಕಪ್ರಸಂಗ ಅಲ್ಲ.

ಈಗ ಸಿಲಿಂಡರ್ ಲೆಕ್ಕ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಸೀರಿಯಸ್ ರೋಗಿಗಳನ್ನು ಹಾಸನದ ಹಿಮ್ಸ್‌ಗೆ ಕಳಿಸೋದು ನಮಗೆಲ್ಲ ಗೊತ್ತಿರೋದೇ. ದೂರ ಅಂದಾಜು 30ರಿಂದ 40 ಕಿಲೋಮೀಟರ್. ದಾರಿಯಲ್ಲಿ ಹಂಪ್, ಟ್ರಾಕ್ಟರ್, ಸಂತೆ ದಿನ ಆದ್ರೆ ಕೇಳಲೇಬೇಡಿ. ಚಿಕ್ಕ ಬಿ-ಟೈಪ್ ಸಿಲಿಂಡರಿನ ಒಳಗಿನ ಜಾಗ ಸುಮಾರು 10 ಲೀಟರ್, ತುಂಬಿದಾಗ ಒತ್ತಡ 150 ಬಾರ್. ಬಾಯ್ಲ್ ನಿಯಮದ ಪ್ರಕಾರ ಹೊರಗೆ ಸಿಗೋದು ಸುಮಾರು 1500 ಲೀಟರ್. ಗೇಜ್ 75 ತೋರಿಸಿದ್ರೆ 750 ಲೀಟರ್. ನಾನ್-ರೀಬ್ರೀದರ್‌ನಲ್ಲಿ 15 ಲೀಟರ್ ಬಿಟ್ಟರೆ ಬರೀ 50 ನಿಮಿಷ! ಅದರಲ್ಲಿ ಕಾಲು ಭಾಗವಾದ್ರೂ ಕೈಯಲ್ಲಿ ಇಟ್ಟುಕೊಂಡೇ ಲೆಕ್ಕ ಹಾಕಬೇಕು, ಆಂಬುಲೆನ್ಸ್ ತಲುಪಿದ ಮೇಲೂ ವಾರ್ಡಿನ ಪೈಪ್‌ಗೆ ಹಾಕೋವರೆಗೂ ಅದೇ ಸಿಲಿಂಡರ್ ನಡೀಬೇಕಲ್ವಾ? ಅದೇ ಸಿಲಿಂಡರ್, 28% ಸಾಕಾಗೋ ಸಿಒಪಿಡಿ ರೋಗಿಗೆ 4 ಲೀಟರ್‌ನಲ್ಲಿ ಮೂರು ಗಂಟೆ ಬರುತ್ತೆ.

ಮನೆಗೆ ಬಾಡಿಗೆಗೆ ತರೋ ಕಾನ್ಸಂಟ್ರೇಟರ್ ಕಥೆ ಬೇರೆ. ಅದು ಆಕ್ಸಿಜನ್ ತಯಾರಿಸಲ್ಲ, ಜಿಯೋಲೈಟ್ ಅನ್ನೋ ಹರಳುಗಳಲ್ಲಿ ಗಾಳಿಯ ನೈಟ್ರೋಜನ್ ಹಿಡಿದಿಟ್ಟು ಉಳಿದಿದ್ದನ್ನು ಕೊಡುತ್ತೆ, ಸುಮಾರು 93% ಶುದ್ಧ. 5 ಲೀಟರಿನ ಮೆಷಿನ್‌ಗೆ ನಾನ್-ರೀಬ್ರೀದರ್ ಮಾಸ್ಕ್ ಸಿಕ್ಕಿಸಿದ್ರೆ ಚೀಲ ತುಂಬೋದೇ ಇಲ್ಲ, ಅದಕ್ಕೆ ಮೂಗಿನ ಟ್ಯೂಬೇ ಸರಿ. ಫಿಲ್ಟರ್ ಧೂಳು ಕಟ್ಟಿದ್ರೆ ಶುದ್ಧತೆ ಇಳಿಯುತ್ತೆ. ಕರೆಂಟ್ ಹೋದ್ರೆ ಮೆಷಿನ್ ನಿಂತೇ ಹೋಗುತ್ತೆ, ಹಾಗಾಗಿ ಹಳ್ಳಿ ಮನೆಯಲ್ಲಿ ಇಡೋದಾದ್ರೆ ಪಕ್ಕದಲ್ಲಿ ತುಂಬಿದ ಒಂದು ಬಿ-ಟೈಪ್ ಸಿಲಿಂಡರ್ ಇರಲಿ, ಸೌದೆ ಒಲೆಯಿಂದ ದೂರದಲ್ಲಿ.